ನೀರಿನ ತೊಟ್ಟಿಯ ಹಿಂದಿನ ಸಂದು

ನಮ್ಮ ಕಚೇರಿಯಲ್ಲಿ ಎಲ್ಲರೂ ಅವರನ್ನು ಗೋಡೆ ಸಾರ್ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಅವರು ಬೇಜಾರು ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ಹನ್ನೆರಡು ವರ್ಷ ವಿಡಿಯೋ ಗೇಮ್‌ಗಳ ಗೋಡೆಗಳನ್ನು ಗುದ್ದಿ ಹೊಟ್ಟೆ ಹೊರೆದ ಮನುಷ್ಯನಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ?

ಗೇಮ್ ಪೇಟೆಗೆ ಹೋಗುವ ಮುಂಚೆ ಅದನ್ನು ಆಡಿ, ತಪ್ಪು ಹುಡುಕಿ, ಬರೆದು ಕೊಡುವವರು ನಾವು. ಟೆಸ್ಟರ್‌ಗಳು. ಈ ಮಾತು ಕೇಳಿದ ಕೂಡಲೇ ಜನ ಹೊಟ್ಟೆಕಿಚ್ಚು ಪಡುತ್ತಾರೆ. ನನ್ನ ಭಾವನಂತೂ ಊಟಕ್ಕೆ ಕೂತಾಗಲೆಲ್ಲ, "ಆಡೋದಕ್ಕೆ ಸಂಬಳ ಕೊಡ್ತಾರಾ? ನಮ್ಮ ಹಣೆಬರಹ ನೋಡು" ಅನ್ನುತ್ತಿದ್ದ. ಅವನನ್ನು ಒಂದು ವಾರ ನಮ್ಮ ಕುರ್ಚಿಯಲ್ಲಿ ಕೂರಿಸಬೇಕಿತ್ತು. ಒಂದೇ ಓಣಿಯ ಒಂದೇ ಗೋಡೆಗೆ ಬೆಳಗಿನಿಂದ ಸಂಜೆವರೆಗೆ ನುಗ್ಗಬೇಕು, ಆಚೆ ಹೋಗಿಬಿಟ್ಟರೆ ಅದು ತಪ್ಪು, ಹೋಗದಿದ್ದರೆ ಪಕ್ಕದ ಗೋಡೆ. ಮಿಠಾಯಿ ಅಂಗಡಿಯಲ್ಲಿ ನೊಣ ಓಡಿಸುವವನಿಗೆ ಮಿಠಾಯಿಯ ರುಚಿ ಎಷ್ಟು ಗೊತ್ತೋ ನಮಗೂ ಆಟದ ರುಚಿ ಅಷ್ಟೇ ಗೊತ್ತು.

ಗೋಡೆ ಸಾರ್ ಹನ್ನೆರಡು ವರ್ಷದಲ್ಲಿ ಒಂದೇ ಒಂದು ಸಂದನ್ನು ಗೊತ್ತಿದ್ದೂ ಬರೆಯದೆ ಬಿಟ್ಟಿದ್ದರು. ತಮ್ಮ ತಾಯಿಗಾಗಿ ಬಿಟ್ಟಿದ್ದರು. ಅದನ್ನು ಹುಡುಕಿ ಮುಚ್ಚಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು, ನಿಮ್ಮಿಂದ ಒಂದಿಷ್ಟು ಕನಿಕರ ಗಿಟ್ಟಿಸಿಕೊಳ್ಳುವ ಆಸೆ ನನಗಿಲ್ಲ.

ನಾನು ಅಲ್ಲಿಗೆ ಸೇರಿದಾಗ ನನಗೆ ಮೂವತ್ತೊಂದು. ಅದಕ್ಕೆ ಮುಂಚೆ ಗ್ರಾಹಕರ ಬೈಗುಳ ಕೇಳುವ ಫೋನ್ ಕೆಲಸದಲ್ಲಿದ್ದೆ. ಅದು ಹೋದಮೇಲೆ ಅಕ್ಕನ ಮನೆಯ ಹಾಲಿನ ಸೋಫಾ ನನ್ನ ಹಾಸಿಗೆಯಾಗಿತ್ತು. ಬೆಳಿಗ್ಗೆ ಭಾವ ಪೇಪರ್ ಓದಲು ಬರುವ ಮುಂಚೆ ಎದ್ದು, ಹೊದಿಕೆ ಮಡಿಸಿ, ಅಲ್ಲಿ ಯಾರೂ ಮಲಗಿಯೇ ಇರಲಿಲ್ಲ ಎಂಬಂತೆ ದಿಂಬು ಜೋಡಿಸಬೇಕಿತ್ತು. ಕಚೇರಿಯವರು ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡಿದ್ದರು. ಕಾಯಂ ಆದರೆ ನನ್ನದೇ ಒಂದು ಕೋಣೆ. ಆಗದಿದ್ದರೆ ಮತ್ತೆ ಆ ದಿಂಬು.

ಮೊದಲ ದಿನ ಗೋಡೆ ಸಾರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಟ್ರೋಲರ್ ಕೊಟ್ಟರು. ನಾನು ಪರದೆಯ ಮೇಲಿನ ಸೈನಿಕನನ್ನು ಒಂದು ಗೋಡೆಗೆ ನೇರ ನುಗ್ಗಿಸಿದೆ. ಅವರು ನಕ್ಕರು.

"ನೇರ ನುಗ್ಗಬೇಡಮ್ಮ. ನೇರ ನುಗ್ಗೋರಿಗೆ ಅಂತಾನೇ ಅಲ್ವಾ ಗೋಡೆ ಕಟ್ಟಿರೋದು? ಓರೆಯಾಗಿ ನುಗ್ಗು. ಮೂಲೆಗೆ ಭುಜ ಕೊಡು. ಐದು ಸೆಕೆಂಡ್ ಬಿಡಬೇಡ."

ಓರೆಯಾಗಿ ನುಗ್ಗಿದೆ. ಮೂರನೆಯ ಮೂಲೆಯಲ್ಲಿ ಸೈನಿಕ ಗೋಡೆಯೊಳಗೆ ಸೊಂಟದವರೆಗೆ ಹೋಗಿ ಸಿಕ್ಕಿಹಾಕಿಕೊಂಡ. ನನಗೆ ಲಾಟರಿ ಹೊಡೆದಷ್ಟು ಖುಷಿ. ಅವರು ಸುಮ್ಮನೆ, "ಬರ್ಕೋ" ಎಂದರು.

ಬರೆಯಲು ಒಂದು ಕಾಗದದ ನಮೂನೆ ಇತ್ತು. ಏನಾಯಿತು, ಎಲ್ಲಿ, ಎಷ್ಟು ಸಲ ಪ್ರಯತ್ನಿಸಿದಿರಿ, ಎಷ್ಟು ಸಲ ಆಯಿತು. ಗೇಮ್ ಚೆನ್ನಾಗಿದೆಯೋ ಇಲ್ಲವೋ ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ದಿನಕ್ಕೆ ಒಂಬತ್ತು ಗಂಟೆ ಆಡುವವರನ್ನು ಆಟ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಗೋಡೆ ಸಾರ್ ಅವರ ಅಭಿಪ್ರಾಯಗಳೆಲ್ಲ ಊಟದ ಡಬ್ಬಿ ಬಿಚ್ಚಿದಾಗ ಹೊರಗೆ ಬರುತ್ತಿದ್ದವು. ನಮಗೆ ಉಪ್ಪಿನಕಾಯಿಗಿಂತ ಅವೇ ರುಚಿ.

ಎರಡು ವರ್ಷ ಅವರು ಒಂದು ಯುದ್ಧದ ಗೇಮ್ ಆಡಿದ್ದರು. "ನಾಲ್ಕು ಸಾವಿರ ಬಾಗಿಲು ಇದೆ ಆ ಊರಲ್ಲಿ. ನಾನೇ ಎಣಿಸಿದೀನಿ. ತೆರೆಯೋದು ಹನ್ನೊಂದು. ಮಿಕ್ಕಿದ್ದೆಲ್ಲ ಬರೀ ಬಣ್ಣ. ಡಬ್ಬಿ ಮೇಲೆ ಏನು ಬರೆದ್ರು ಗೊತ್ತಾ? ಜೀವಂತ ನಗರ ಅಂತ!" ಕಾರು ರೇಸಿನ ಗೇಮ್‌ನಲ್ಲಿ ಒಂದು ತಿಂಗಳು ಹಿಮ್ಮುಖವಾಗಿ ಕಾರು ಓಡಿಸಿದ್ದರಂತೆ. ಕಾರುಗಳು ಕಣ್ಣಿಗೆ ಕಟ್ಟುವ ಹಾಗಿದ್ದವು ಎಂದು ಒಪ್ಪಿಕೊಳ್ಳುತ್ತಿದ್ದರು. "ಆದ್ರೆ ಒಂದು ನಾಯಿ ಅಡ್ಡ ಬರಲ್ಲ, ಒಬ್ಬ ಮುದುಕ ರಸ್ತೆ ದಾಟಲ್ಲ. ಅಡ್ಡ ಬರೋರೇ ಇಲ್ದಿದ್ರೆ ಅದು ರಸ್ತೆನಾ, ಚರಂಡಿನಾ?" ಬಣ್ಣದ ಮಣಿ ಜೋಡಿಸುವ ಗೇಮ್ ಅವರ ಪ್ರಕಾರ ನಮ್ಮ ಮ್ಯಾನೇಜರ್ ಇದ್ದ ಹಾಗೆ. ಗೆಲ್ಲುತ್ತೀಯ ಗೆಲ್ಲುತ್ತೀಯ ಎಂದು ಬೆನ್ನು ತಟ್ಟಿ, ಗೆಲ್ಲುವ ಹೊತ್ತಿಗೆ ಸರಿಯಾಗಿ ಕಾಲು ಎಳೆಯುತ್ತದೆ.

ದೆವ್ವದ ಗೇಮ್ ಬಗ್ಗೆ ಹೇಳಿದ್ದು ನನಗೆ ಈಗಲೂ ನೆನಪಿದೆ. "ಮೊದಲನೇ ಸಲ ಬೆಚ್ಚಿಬಿದ್ದೆ. ಮೂವತ್ತನೇ ಸಲಕ್ಕೆ ನಗು ಬಂತು. ಮುನ್ನೂರನೇ ಸಲ ಆ ದೆವ್ವ ಅದೇ ಬೀರು ಹಿಂದಿನಿಂದ ಅದೇ ಥರ ಕಿರುಚ್ಕೊಂಡು ಬಂದಾಗ ಪಾಪ ಅನ್ನಿಸ್ತು. ಅದೂ ನಮ್ಮ ಹಾಗೆ ಡ್ಯೂಟಿ ಮಾಡ್ತಿದೆ ಅಲ್ವಾ?"

ಒಮ್ಮೆ ಕತ್ತಿವರಸೆಯ ಗೇಮ್ ಬಂತು. ಗಂಡು ಯೋಧನಿಗೆ ಉಗುರು ಕಾಣದಷ್ಟು ಕಬ್ಬಿಣದ ಕವಚ, ಹೆಣ್ಣು ಯೋಧಳಿಗೆ ಅಂಗೈಯಗಲ. ನಾನು ಸಿಟ್ಟಾಗಿ ಗೊಣಗಿದೆ. ಅವರು ತಲೆಯಾಡಿಸಿ ನಮೂನೆ ತೆಗೆದರು. ಕಡು ಗಂಭೀರವಾಗಿ ಬರೆದರು: "ಕವಚದ ಮುಕ್ಕಾಲು ಭಾಗ ಕಾಣುತ್ತಿಲ್ಲ. ಐವತ್ತು ಸಲ ಪ್ರಯತ್ನಿಸಿದೆ, ಐವತ್ತು ಸಲವೂ ಕಾಣಲಿಲ್ಲ." ಎರಡು ದಿನದ ಮೇಲೆ ಮೇಲಿನಿಂದ ಉತ್ತರ ಬಂತು: "ಇದು ದೋಷವಲ್ಲ. ಮುಚ್ಚಲಾಗಿದೆ." ಅವತ್ತು ಇಡೀ ವಿಭಾಗ ಬಿದ್ದು ಬಿದ್ದು ನಕ್ಕಿತು. ಅಂಥ ಉತ್ತರವನ್ನು ಅವರು ಅದಕ್ಕೆ ಮುಂಚೆಯೇ ಮೂರು ಸಲ ಓದಿದ್ದರು ಎಂದು ನನಗೆ ಆಗ ಗೊತ್ತಿರಲಿಲ್ಲ.

ಇಷ್ಟೆಲ್ಲ ಬೈಯುತ್ತಿದ್ದವರು ಒಂದೇ ಒಂದು ಗೇಮ್ ಬಗ್ಗೆ, "ಅದೊಂದು ಪರವಾಗಿಲ್ಲ" ಎಂದಿದ್ದರು. ಅವರ ಬಾಯಲ್ಲಿ ಅದು ಚಿನ್ನದ ಪದಕ. ದ್ವೀಪದ ಗೇಮ್ ಅದು. ನಾನು ಸೇರುವ ಹೊತ್ತಿಗೆ ಪೇಟೆಗೆ ಬಂದು ಎಂಟು ತಿಂಗಳಾಗಿತ್ತು. ಆದರೂ ತಿಂಗಳಿಗೊಂದು ಅಪ್‌ಡೇಟ್ ಕಳಿಸುತ್ತಿದ್ದರಿಂದ ನಮ್ಮಲ್ಲಿ ಪರೀಕ್ಷೆ ನಡೆದೇ ಇತ್ತು. ಅದರಲ್ಲಿ ಕೊಲ್ಲುವುದಿಲ್ಲ, ಗೆಲ್ಲುವುದಿಲ್ಲ. ಗುಡ್ಡದ ಮೇಲೆ ನಿಮ್ಮದೊಂದು ಮನೆ. ಕಣಿವೆಯಾಚೆ ಕಡಲ ದಂಡೆಯಲ್ಲಿ ಒಂದು ಊರು. ಬೆಳಿಗ್ಗೆ ಎದ್ದು ಊರಿಗೆ ಹೋಗಿ, ಜನರನ್ನು ಮಾತಾಡಿಸಿ, ಬುಟ್ಟಿಯಲ್ಲಿ ಏನಾದರೂ ತಂದು, ಕತ್ತಲಾಗುವ ಮುಂಚೆ ಮನೆ ಸೇರಬೇಕು. ಆಟದ ಒಂದು ದಿನ ಅಂದರೆ ನಮ್ಮ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಬಾರದಿದ್ದರೆ ತಲೆ ತಿರುಗಿ ಬೀಳುತ್ತೀರಿ. ಯಾರೋ ಎತ್ತಿಕೊಂಡು ಹೋಗಿ ಮನೆಯಲ್ಲಿ ಮಲಗಿಸುತ್ತಾರೆ.

ಮನೆಗೂ ಊರಿಗೂ ನಡುವೆ ಒಂದು ಮುರುಕು ಸೇತುವೆ. ಮೂರು ಕಡೆ ಹಲಗೆ ಕಿತ್ತುಹೋಗಿರುತ್ತದೆ. ಎಡಗೈ ಹೆಬ್ಬೆರಳಿನಿಂದ ಓಡುತ್ತ, ಅದೇ ಹೊತ್ತಿಗೆ ಬಲಗೈಯಿಂದ ಗುಂಡಿ ಒತ್ತಿ ಹಾರಬೇಕು. ಎರಡು ಕೈ ಇದ್ದವರಿಗೆ ನಾಲ್ಕು ಸೆಕೆಂಡಿನ ಕೆಲಸ.

ಗೋಡೆ ಸಾರ್ ಅವರ ತಾಯಿಗೆ ಕೆಲಸ ಮಾಡುತ್ತಿದ್ದದ್ದು ಒಂದೇ ಕೈ. ಮೂವತ್ತಮೂರು ವರ್ಷ ಕಾಲ್ನಡಿಗೆಯಲ್ಲಿ ಮನೆಮನೆಗೆ ಅಂಚೆ ಹಂಚಿದ ಹೆಂಗಸು. ನಿವೃತ್ತಿಯಾದ ಎರಡನೇ ವರ್ಷಕ್ಕೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಾಲ್ಕು ವರ್ಷದಲ್ಲಿ ಅವರು ಕೆಳಗಿಳಿದದ್ದು ಆಸ್ಪತ್ರೆಗೆ ಮಾತ್ರ, ಅದೂ ಇಬ್ಬರು ಕುರ್ಚಿ ಸಮೇತ ಎತ್ತಿಕೊಂಡು. ಮಗ ಮದುವೆಯಾಗಿರಲಿಲ್ಲ. ಹಗಲು ಪಕ್ಕದ ಮನೆಯಾಕೆ ಬಂದು ನೋಡಿಕೊಂಡು ಹೋಗುತ್ತಿದ್ದಳು.

ತಾಯಿ ಬೇಜಾರಾಗಿ ಗೋಡೆ ನೋಡುತ್ತ ಕೂರುವುದನ್ನು ನೋಡಲಾರದೆ ಮಗ ಒಂದು ದಿನ ಗೇಮ್ ಮುಂದಿಟ್ಟರು. ಕುರ್ಚಿಯ ಎಡತೋಳಿಗೆ ಬಟ್ಟೆಪಟ್ಟಿಯಿಂದ ಕಂಟ್ರೋಲರ್ ಕಟ್ಟಿ, ಒಂದು ಹೆಬ್ಬೆರಳಿನಲ್ಲಿ ನಡೆಯುವುದನ್ನು ಕಲಿಸಿದರು. ದ್ವೀಪದ ಮನೆಯಂಗಳದಲ್ಲಿ ತಾಯಿ ಒಂದು ವಾರ ಅಡ್ಡಾಡಿದರು. ಸೇತುವೆ ತನಕ ಹೋಗಿ ನಿಂತು ವಾಪಸ್ ಬಂದರು. ಆಗಿನ್ನೂ ಗೇಮ್ ತಯಾರಾಗುತ್ತಿತ್ತು, ಮನೆಯಲ್ಲಿದ್ದದ್ದು ಪರೀಕ್ಷೆಯ ಪ್ರತಿ. ಮಗ ಕಚೇರಿಗೆ ಬಂದು ನಮೂನೆ ತುಂಬಿದರು: "ಒಂದೇ ಕೈಯಲ್ಲಿ ಆಡುವವರು ಸೇತುವೆ ದಾಟಲಾರರು." ಉತ್ತರ: "ಇದು ದೋಷವಲ್ಲ, ಸಲಹೆ. ಮುಚ್ಚಲಾಗಿದೆ." ಮತ್ತೆ ಬರೆದರು. ಮತ್ತೆ ಅದೇ ಉತ್ತರ. ಮೂರನೇ ಸಲ, ಹಾರದೆ ದಾಟಲು ಒಂದು ಹಲಗೆ ಸಾಕು, ಅರ್ಧ ದಿನದ ಕೆಲಸ ಎಂದು ಚಿತ್ರ ಬಿಡಿಸಿ ತೋರಿಸಿದರು. "ಈಗಾಗಲೇ ಮುಚ್ಚಿದ ವಿಷಯವನ್ನು ಮತ್ತೆ ತೆರೆಯಬೇಡಿ" ಎಂದು ಬಂತು.

ಅದಾದ ಮೂರು ವಾರಕ್ಕೆ ಕಣಿವೆಯಂಚಿನ ಕಲ್ಲುಗೋಡೆಯಲ್ಲಿ, ನೀರಿನ ತೊಟ್ಟಿಯ ಹಿಂದೆ, ಅವರಿಗೆ ಒಂದು ಸಂದು ಸಿಕ್ಕಿತು. ಎಡಕ್ಕೆ ಓರೆಯಾಗಿ ಐದು ಸೆಕೆಂಡ್ ಒತ್ತಿಹಿಡಿದರೆ ಮೈ ಆಚೆ ಹೋಗುತ್ತದೆ. ಆಚೆ ಒಂದು ಕಾಲುಹಾದಿ. ಮಾಡಿದವರು ಯಾವುದಕ್ಕೋ ಮಾಡಿ ಮರೆತುಬಿಟ್ಟಿದ್ದ ಹಾದಿ. ಅದು ಊರಿನ ಹಿತ್ತಲ ಬೀದಿಗೆ ಸೇರುತ್ತಿತ್ತು. ಹಾರುವ ಗೋಜಿಲ್ಲ. ಒಂದು ಹೆಬ್ಬೆರಳು ಸಾಕು.

ಆ ಸಂದನ್ನು ಅವರು ಬರೆಯಲಿಲ್ಲ. ಪಾಳಿಯ ಪಟ್ಟಿಯಲ್ಲಿ ಆ ಗೋಡೆಯ ಮುಂದೆ ಪ್ರತಿ ತಿಂಗಳೂ ತಮ್ಮ ಹೆಸರನ್ನೇ ಬರೆದುಕೊಂಡರು. ತಾಯಿ ದಿನಾ ಊರಿಗೆ ಹೋಗಿಬರತೊಡಗಿದರು.

ಈಗ ನನ್ನ ಸರದಿ. ಪರೀಕ್ಷೆಯ ಆರನೇ ತಿಂಗಳು ನಡೆಯುತ್ತಿತ್ತು. ಗೋಡೆ ಸಾರ್ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಎರಡು ದಿನ ರಜೆ ಹಾಕಿದರು. ಅವರ ಗೋಡೆಯನ್ನು ಮ್ಯಾನೇಜರ್ ನನಗೆ ಕೊಟ್ಟ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ನಾನೂ ಹಾಗೇ ಒಗೆದೆ. ಗೋಡೆಯುದ್ದಕ್ಕೂ ಕಲ್ಲು ಕಲ್ಲಿಗೂ ಭುಜ ಕೊಟ್ಟೆ. ನೇರವಾಗಿ ಅಲ್ಲ, ಓರೆಯಾಗಿ. ಎರಡನೇ ದಿನ ಮಧ್ಯಾಹ್ನ ತೊಟ್ಟಿಯ ಹಿಂದೆ ಆಚೆ ಹೋಗಿಯೇಬಿಟ್ಟೆ. ಕುರ್ಚಿಯಿಂದ ಎದ್ದು ಕೂಗಿದೆ. ಅಕ್ಕಪಕ್ಕದವರು ಬಂದು ನೋಡಿ, "ಗೋಡೆ ಸಾರ್ ಬಿಟ್ಟಿದ್ದು ಇವಳಿಗೆ ಸಿಕ್ತಲ್ಲಪ್ಪ!" ಎಂದರು. ಆ ಮಾತು ನನಗೆ ಎಷ್ಟು ಹಿತವಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ವಿಡಿಯೋ ಜೋಡಿಸಿ ನಮೂನೆ ಕಳಿಸುವುದರಲ್ಲಿದ್ದೆ. ಗೋಡೆ ಸಾರ್ ಬಂದು ಹಿಂದೆ ನಿಂತರು. ಪರದೆ ನೋಡಿದರು. "ಒಂದ್ನಿಮಿಷ ಬಾಮ್ಮ" ಎಂದು ಟೀ ಯಂತ್ರದ ಹತ್ತಿರ ಕರೆದರು.

"ಅದನ್ನ ಹಾಕಬೇಡ" ಎಂದರು.

"ಯಾಕೆ ಸಾರ್?"

"ಅದರಿಂದ ಯಾರಿಗೂ ತೊಂದ್ರೆ ಇಲ್ಲ. ಗೇಮ್ ನಿಂತುಹೋಗಲ್ಲ, ಏನೂ ಕೆಡಲ್ಲ. ಇದೊಂದು ಬಿಟ್ಬಿಡು. ಬೇರೆ ಹತ್ತು ಹುಡುಕಿ ಕೊಡ್ತೀನಿ, ನಿನ್ನ ಹೆಸರಲ್ಲೇ ಹಾಕ್ಕೋ."

ನನಗೆ ಮೈ ಉರಿಯಿತು. ಆರು ತಿಂಗಳು ಗುರು ಎಂದುಕೊಂಡವರು ತಮ್ಮ ಹೆಸರಿಗೆ ಮಸಿ ತಾಗದಿರಲಿ ಎಂದು ನನ್ನ ಅನ್ನಕ್ಕೆ ಕೈ ಹಾಕುತ್ತಿದ್ದಾರೆ ಎಂದುಕೊಂಡೆ.

"ನೀವು ಬಿಟ್ಟಿದ್ದು ನಾನು ಹಿಡಿದೆ ಅಂತ ಅವಮಾನನಾ ಸಾರ್?"

ಅವರು ಲೋಟದೊಳಗೆ ನೋಡಿದರು. "ಹೂಂ, ಹಾಗೇ ಅಂದ್ಕೋ" ಎಂದರು.

ಒಂದು ಮಾತು ಹೇಳಬಹುದಿತ್ತು. ನನ್ನ ಅಮ್ಮ ಆ ಸಂದಿನಲ್ಲಿ ಓಡಾಡುತ್ತಾಳೆ ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ. ನಾನು ಹೋಗಿ ನಮೂನೆ ಕಳಿಸಿದೆ. ನಾಲ್ಕು ದಿನಕ್ಕೆ ಉತ್ತರ ಬಂತು: "ಒಳ್ಳೆಯ ಕೆಲಸ. ಸರಿಪಡಿಸಲಾಗಿದೆ." ಆ ತಿಂಗಳ ಕೊನೆಗೆ ನಾನು ಕಾಯಂ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಈಗಲೂ ಇದೆ. ಬಿಟ್ಟವರೇ ಮುಚ್ಚಿಸಬೇಕು. ಯಾರ ಪಾಳಿಯಲ್ಲಿ ತಪ್ಪು ತಪ್ಪಿಸಿಕೊಂಡಿತ್ತೋ ಅವರೇ, ಸರಿಪಡಿಸಿದ ಮೇಲೆ ಇನ್ನೂರು ಸಲ ಪ್ರಯತ್ನಿಸಿ, ಗಟ್ಟಿಯಾಗಿದೆ ಎಂದು ಸಹಿ ಹಾಕಬೇಕು. ಕಂಡುಹಿಡಿದವರು ಪಕ್ಕದಲ್ಲಿ ಕೂತು ಎಣಿಸಬೇಕು. ಶಿಕ್ಷೆ ಎಂದು ಯಾರೂ ಅನ್ನುವುದಿಲ್ಲ, ಶಿಸ್ತು ಎನ್ನುತ್ತಾರೆ.

ಗೋಡೆ ಸಾರ್ ತೊಟ್ಟಿಯ ಹಿಂದೆ ಹೋಗಿ ನಿಂತರು. ಎಡಕ್ಕೆ ಓರೆ, ಐದು ಸೆಕೆಂಡ್. ಒಂದು, ಎಂದೆ ನಾನು. ಎಡಕ್ಕೆ ಓರೆ, ಐದು ಸೆಕೆಂಡ್. ಎರಡು. ಗುದ್ದುವುದರಲ್ಲಿ ಅವರು ಎಂದೂ ಅವಸರ ಮಾಡಿದವರಲ್ಲ, ಅವತ್ತೂ ಮಾಡಲಿಲ್ಲ. ಇನ್ನೂರರಲ್ಲಿ ಒಂದರಲ್ಲೂ ಕಳ್ಳಾಟ ಆಡಲಿಲ್ಲ. ಎಲ್ಲೋ ಒಂದು ಕಡೆ ಇನ್ನೂ ತೆರೆದಿರಬಹುದೇನೋ ಎಂದು ನಿಜವಾಗಿ ಹುಡುಕುತ್ತಿದ್ದರು. ನೂರರ ಮೇಲೆ ಕೋನ ಒಂದಿಷ್ಟು ಬದಲಿಸಿದರು, ಇನ್ನೊಂದಿಷ್ಟು ಬದಲಿಸಿದರು. ನಾನು ಒಳಗೊಳಗೇ, ಇಷ್ಟು ನಿಷ್ಠೆ ಮೊದಲೇ ಇದ್ದಿದ್ದರೆ ಈ ಗತಿ ಬರುತ್ತಿತ್ತೇ ಎಂದು ನಗುತ್ತಿದ್ದೆ. ಇನ್ನೂರು ಎಂದಾಗ ಕಂಟ್ರೋಲರ್ ಕೆಳಗಿಟ್ಟು, "ಗೋಡೆ ಗಟ್ಟಿಯಾಗಿದೆ" ಎಂದು ಬರೆದು ಸಹಿ ಹಾಕಿದರು. ಕೈಬರಹ ದುಂಡಗಿತ್ತು.

ಮುಂದಿನ ವಾರ ಅಪ್‌ಡೇಟ್ ಹೋಯಿತು. ಈಗಿನ ಗೇಮ್‌ಗಳು ನಮ್ಮ ಮನೆಯಲ್ಲಿದ್ದರೂ ನಮ್ಮವಲ್ಲ. ಬೇಡ ಎಂದು ಕೂರುವ ಹಾಗಿಲ್ಲ, ಹೊಸ ಅಪ್‌ಡೇಟ್ ಹಾಕಿಕೊಳ್ಳದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಅದೇ ವಾರ ಗೋಡೆ ಸಾರ್ ಅರ್ಜಿ ಕೊಟ್ಟು ಬಣ್ಣದ ಮಣಿಗಳ ವಿಭಾಗಕ್ಕೆ ಹೋದರು. ಎಲ್ಲರಿಗೂ ಆಶ್ಚರ್ಯ. ಒಂದು ಮೆಟ್ಟಿಲು ಕೆಳಗಿನ ಕೆಲಸ ಅದು. ಅಲ್ಲಿ ಗೋಡೆಗಳೇ ಇಲ್ಲ.

ಅವರ ಕುರ್ಚಿ ನನಗೆ ಬಂತು. ಸೇತುವೆಯ ಬಗ್ಗೆ ಬೇರೇನನ್ನೋ ಹುಡುಕುವಾಗ ಹಳೆಯ ನಮೂನೆಗಳ ಪೆಟ್ಟಿಗೆಯಲ್ಲಿ ಆ ಮೂರು ಸಿಕ್ಕವು. ಒಂದು ಕೈ, ಒಂದು ಕೈ, ಒಂದು ಕೈ. ಮೂರನೆಯದರ ಕೆಳಗೆ ಪೆನ್ಸಿಲ್‌ನಲ್ಲಿ ಬಿಡಿಸಿದ ಹಲಗೆ. ದಿನಾಂಕ ನೋಡಿದೆ, ಅವರು ತಿಂಗಳು ತಿಂಗಳೂ ಆ ಗೋಡೆಗೆ ತಮ್ಮ ಹೆಸರು ಬರೆದುಕೊಳ್ಳತೊಡಗಿದ್ದಕ್ಕೆ ಸ್ವಲ್ಪ ಮುಂಚಿನದು. ಆ ಸಂದು ಅವರ ಕಣ್ಣು ತಪ್ಪಿರಲಿಲ್ಲ ಎಂದು ಆಗ ಹೊಳೆಯಿತು. ಊಟದ ಹೊತ್ತಿಗೆ ಮಣಿಗಳ ವಿಭಾಗಕ್ಕೆ ಹೋಗಿ ಅವುಗಳನ್ನು ಅವರ ಮುಂದಿಟ್ಟೆ.

"ಯಾರಿಗೆ ಸಾರ್ ಒಂದು ಕೈ?"

"ನಮ್ಮಮ್ಮನಿಗೆ" ಎಂದರು. ಆಮೇಲೆ ನಿಮಗೆ ಹೇಳಿದ್ದೆಲ್ಲವನ್ನೂ ಹೇಳಿದರು, ಅಂಚೆಯ ಕೆಲಸ, ಮೂರನೇ ಮಹಡಿ, ಕುರ್ಚಿಗೆ ಕಟ್ಟಿದ ಬಟ್ಟೆಪಟ್ಟಿ. ಕರೆಂಟ್ ಬಿಲ್ ಓದುವ ಧ್ವನಿಯಲ್ಲಿ ಹೇಳಿದರು.

ನನಗೆ ಅಳು ಬಂತು. ಸಿಟ್ಟೂ ಬಂತು. "ಅವತ್ತೇ ಹೇಳಬಾರದಿತ್ತಾ? ಹೇಳಿದ್ರೆ ನಾನು ಹಾಕ್ತಿರಲಿಲ್ಲ."

"ಹಾಕ್ತಿದ್ದೆ" ಎಂದರು, ಡಬ್ಬಿಯ ಮುಚ್ಚಳ ಹಾಕುತ್ತ. "ಅತ್ಕೊಂಡು ಹಾಕ್ತಿದ್ದೆ. ನಿನಗೂ ಕೆಲಸ ಬೇಕಿತ್ತು. ಸುಮ್ನೆ ನಿನ್ನ ಕೈಲಿ ಗೊತ್ತಿದ್ದೂ ಮಾಡಿಸೋದು ಯಾಕೆ ಅಂತ ಬಿಟ್ಟೆ."

ಇಲ್ಲ ಎನ್ನಲು ಬಾಯಿ ತೆರೆದೆ. ಆ ದಿಂಬು ನೆನಪಾಯಿತು. ಅವರು ಹೇಳಿದ್ದು ನಿಜ ಎಂಬುದೇ ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಆ ಭಾನುವಾರ ಬೆಳಿಗ್ಗೆ ಹಣ್ಣು ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. ಮೂರು ಮಹಡಿ ಹತ್ತುವಷ್ಟರಲ್ಲಿ ನನಗೇ ಏದುಸಿರು. ಮೆಟ್ಟಿಲು ಎಷ್ಟು ಕಿರಿದೆಂದರೆ ಇಳಿಯುವವರು ಬಂದರೆ ಹತ್ತುವವರು ಗೋಡೆಗೆ ಒರಗಿ ನಿಲ್ಲಬೇಕು. ಇಲ್ಲಿ ಕುರ್ಚಿ ಸಮೇತ ಒಬ್ಬರನ್ನು ಇಳಿಸುವುದನ್ನು ಊಹಿಸಿಕೊಂಡೆ. ಗೋಡೆ ಸಾರ್ ಔಷಧಿ ಅಂಗಡಿಗೆ ಹೋಗಿದ್ದರು. ಪಕ್ಕದ ಮನೆಯಾಕೆ ಬಾಗಿಲು ತೆರೆದು, "ಆಫೀಸಿನವರು ಬಂದಿದಾರೆ ನೋಡಿ" ಎಂದು ಒಳಗೆ ಬಿಟ್ಟು ಹೋದಳು.

ತಾಯಿ ಟಿವಿ ಎದುರು ಕುರ್ಚಿಯಲ್ಲಿದ್ದರು, ಪರದೆಯ ಮೇಲೆ ದ್ವೀಪದ ಮನೆಯಂಗಳ. ಗಟ್ಟಿ ಮೂಳೆಯ ಹೆಂಗಸು. ಕಣಕಾಲುಗಳಲ್ಲಿ ಮಾತ್ರ ಹಳೆಯ ನಡಿಗೆಯ ಗಂಟು ಹಾಗೇ ಉಳಿದಿತ್ತು. ಮಾತು ಒಂದಿಷ್ಟು ಎಳೆಯುತ್ತಿತ್ತು, ಆದರೆ ನಾಲಿಗೆಯ ಹರಿತ ಹೋಗಿರಲಿಲ್ಲ.

"ಬಾಮ್ಮ, ಕೂತ್ಕೋ. ನೀನೂ ಗೋಡೆ ಗುದ್ದೋಳಾ?"

"ಹೌದಮ್ಮ."

"ಓದಿಸಿ ಬರೆಸಿ ಕೊನೆಗೆ ಎಲ್ಲರೂ ಗೋಡೆ ಗುದ್ದೋದೇ" ಎಂದು ಅರ್ಧ ತುಟಿಯಲ್ಲಿ ನಕ್ಕರು. ಮಗ ತಂದುಕೊಟ್ಟ ಗೇಮ್‌ಗಳನ್ನೆಲ್ಲ ಆಡಿ ನೋಡಿದ್ದರಂತೆ. ಕೇಳದಿದ್ದರೂ ಹೇಳಿದರು. ಅಡುಗೆಯ ಗೇಮ್: "ಒಲೆ ಮೇಲೆ ಗಡಿಯಾರ ಇಟ್ಟು ಓಡಿಸ್ತಾರೆ. ಅದನ್ನ ಮಾಡಿದೋನು ಜನ್ಮದಲ್ಲಿ ಸೌಟು ಹಿಡಿದಿಲ್ಲ." ಯುದ್ಧದ ಗೇಮ್: "ಅಷ್ಟು ಜನ ಸಾಯ್ತಾರೆ, ಒಬ್ಬರ ಮನೆಗೂ ಕಾಗದ ಹೋಗಲ್ಲ. ನಾನು ಅಂಥ ಕಾಗದ ಹಂಚಿದೋಳು. ಬಾಗಿಲು ತಟ್ಟೋಕೆ ಮುಂಚೆ ಹತ್ತು ನಿಮಿಷ ಬೀದಿಲಿ ನಿಂತಿರ್ತಿದ್ದೆ."

"ದ್ವೀಪದ್ದು?" ಎಂದೆ. ಕೇಳದಿದ್ದರೆ ಬಂದ ಉದ್ದೇಶವೇ ಇಲ್ಲವಾಗುತ್ತಿತ್ತು.

"ಅದು ಚೆನ್ನಾಗಿತ್ತು" ಎಂದರು. "ದಿನಾ ಬೀದಿ ಬೀದಿ ಸುತ್ತುತಿದ್ದೆ. ಅಲ್ಲೊಬ್ಬಳು ಬಲೆ ಹೆಣೆಯೋಳು ಇದಾಳೆ, ದಿನಾ 'ಗಾಳಿ ಚೆನ್ನಾಗಿದೆ' ಅಂತಾಳೆ, ಬೇರೆ ಮಾತೇ ಬರಲ್ಲ ಅವಳಿಗೆ. ಆದ್ರೂ ನನ್ನ ಸ್ವಂತ ತಂಗಿಗಿಂತ ವಾಸಿ, ಅವಳು ವರ್ಷಕ್ಕೊಂದು ಸಲ ಫೋನ್ ಮಾಡಿ ಇನ್ನೂ ಇದೀಯಾ ಅಂತ ನೋಡ್ಕೋತಾಳೆ. ಈಗ ಗೋಡೆ ಮುಚ್ಚಿಬಿಟ್ರಲ್ಲ. ಯಾರೋ ಹೊಸ ಹುಡುಗಿ ಕಂಡುಹಿಡಿದಳಂತೆ. ನಾನು ಶಾಪ ಹಾಕೋಕೆ ಹೊರಟೆ. ಮಗ ಬಿಡಲಿಲ್ಲ. ಬೇಡಮ್ಮ, ಒಳ್ಳೆ ಕೆಲಸಗಾರ್ತಿ, ಕಲಿಸಿದ್ದು ನಾನೇ ಅಂದ."

ಆಗ ಹೇಳಬೇಕಿತ್ತು. ಆ ಹುಡುಗಿ ನಾನೇ ಅಮ್ಮ, ನೀವು ಶಾಪ ಹಾಕಿ ಎನ್ನಬೇಕಿತ್ತು. ಹೇಡಿಗೆ ಮಾತು ಬರುವುದಿಲ್ಲ, ಉಪಕಾರ ಮಾಡುವ ಹುಮ್ಮಸ್ಸು ಮಾತ್ರ ಬರುತ್ತದೆ. "ಕೊಡಿ ಅಮ್ಮ, ನಾನು ದಾಟಿಸ್ತೀನಿ" ಎಂದು ಬಟ್ಟೆಪಟ್ಟಿ ಬಿಚ್ಚಿ ಕಂಟ್ರೋಲರ್ ಕೈಗೆತ್ತಿಕೊಂಡೆ. ಮನೆಯಂಗಳ, ಇಳಿಜಾರು, ಸೇತುವೆ. ಓಡು, ಹಾರು, ಹಾರು, ಹಾರು. ನಾಲ್ಕು ಸೆಕೆಂಡ್. ಊರಿನ ಚೌಕದಲ್ಲಿ ನಿಲ್ಲಿಸಿ, ಬಹುಮಾನ ಗೆದ್ದವಳ ಹಾಗೆ ಅವರ ಮುಖ ನೋಡಿದೆ.

ಅವರು ಪರದೆ ನೋಡುತ್ತಿದ್ದರು. ಬಲೆ ಹೆಣೆಯುವವಳು ಕೈಬೀಸಿ, ಗಾಳಿ ಚೆನ್ನಾಗಿದೆ ಎಂದಳು.

"ಮಗನೂ ಹೀಗೇ ದಾಟಿಸ್ತಿದ್ದ, ಕೆಲಸಕ್ಕೆ ಹೋಗೋ ಮುಂಚೆ" ಎಂದರು. "ನಾನೇ ಬೇಡ ಅಂದೆ. ನೋಡಮ್ಮ, ಬಚ್ಚಲಿಗೆ ಎತ್ಕೊಂಡು ಹೋಗ್ತಾರೆ. ಹಾಸಿಗೆಗೆ ಎತ್ಕೊಂಡು ಹೋಗ್ತಾರೆ. ಆಸ್ಪತ್ರೆಗೆ ಎತ್ಕೊಂಡು ಹೋಗ್ತಾರೆ. ಅದೊಂದು ಊರಿಗೆ ಮಾತ್ರ ನಾನೇ ಹೋಗ್ತಿದ್ದೆ."

ನಾನು ಕಂಟ್ರೋಲರ್ ಅನ್ನು ವಾಪಸ್ ಕಟ್ಟಲು ಹೋದೆ. ಅವರು ಎಡಗೈಯಿಂದ ತಡೆದರು. ಪರದೆಯಲ್ಲಿ ಬಿಸಿಲು ಹಳದಿಯಾಗುತ್ತಿತ್ತು.

"ಕಟ್ಟಬೇಡ. ಮೊದಲು ನನ್ನನ್ನ ಮನೆಗೆ ಬಿಟ್ಟು ಬಾ. ಕತ್ತಲಾದ್ರೆ ತಲೆ ತಿರುಗಿ ಬಿದ್ದು, ಅಲ್ಲೂ ಯಾರಾದ್ರೂ ಎತ್ಕೊಂಡು ಹೋಗ್ತಾರೆ. ಒಂದು ದಿನಾನೂ ಹಾಗಾಗೋಕೆ ಬಿಟ್ಟಿಲ್ಲ ನಾನು. ಕರ್ಕೊಂಡು ಬಂದೋಳು ನೀನು, ವಾಪಸ್ ಬಿಡೋದೂ ನಿನ್ನ ಕೆಲಸ."

ಸೇತುವೆಯ ಕಡೆ ತಿರುಗಿಸಿದೆ. ಓಡು, ಹಾರು. ಹೆಬ್ಬೆರಳು ಬೆವರಿತ್ತು. ಎರಡನೇ ಕಿಂಡಿಯಲ್ಲಿ ಬಿದ್ದೆ. ಆಟ ಮತ್ತೆ ಊರ ಕಡೆಯ ದಡದಲ್ಲೇ ನಿಲ್ಲಿಸಿತು. ಮತ್ತೆ ಓಡಿದೆ, ಮೊದಲನೇ ಕಿಂಡಿಯಲ್ಲೇ ಬಿದ್ದೆ. ಸಾವಿರ ಸಲ ದಾಟಿದ ಸೇತುವೆ ಅದು. ಮೂರನೇ ಸಲ ಬಿದ್ದಾಗ ಆಕಾಶ ಕಂದು ಬಣ್ಣಕ್ಕೆ ತಿರುಗಿತ್ತು. ಮತ್ತೆ ಓಡಲು ಹೊರಟೆ. ಅವರು ಎಡಗೈ ಚಾಚಿ ನನ್ನ ಮೊಣಕೈ ತಟ್ಟಿದರು.

"ನಿಧಾನ ಮಗಳೇ" ಎಂದರು. "ಯಾಕೆ ಇಷ್ಟು ಗಾಬರಿ? ನಾನೇನು ಎಲ್ಲಿಗೂ ಹೋಗಲ್ಲ."